ರೋಗಿಯ ಮಂಚದ ಪಕ್ಕದಲ್ಲಿ ಕುಳಿತವರಿಗೆ ಯಾರು ಹೇಳುವರು?

(ಹೊಸರಿತ್ತಿಯಲ್ಲಿ ಸುತ್ತಮುತ್ತಲ ಜಮಾಅತ್‌ಗಳ ಕುಟುಂಬಗಳು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾವು ನಿಂತಿರುವ ಈ ನೆಲ ಸಾಮಾನ್ಯವಾದುದಲ್ಲ. 1943ರ ಏಪ್ರಿಲ್ 1ರಂದು ಇದೇ ಹೊಸರಿತ್ತಿಯಲ್ಲಿ ಬ್ರಿಟಿಷ್ ಸರಕಾರದ ಕಂದಾಯ ವಸೂಲಿಯ ವಿರುದ್ಧ ನಡೆದ ದಾಳಿಯಲ್ಲಿ ಮೈಲಾರ ಮಹಾದೇವ, ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ ಅವರು ಗುಂಡಿಗೆ ಬಲಿಯಾದರು. ಗುದ್ಲೆಪ್ಪ ಹಳ್ಳಿಕೇರಿಯವರಂತಹ ಗಾಂಧಿವಾದಿ ಹುಟ್ಟಿದ್ದೂ ಇಲ್ಲಿಯೇ. ಹೋರಾಟಕ್ಕೆ ಹೊರಟವರ ಹೆಸರನ್ನು ಈ ಊರು ಮರೆತಿಲ್ಲ. ಮರೆಯಲೂ ಬಾರದು. ಆದರೆ ನಾವು ಇಂದು ಮಾತನಾಡಬೇಕೆಂದು ಬಂದಿರುವುದು ಹೊರಟವರ ಕುರಿತಲ್ಲ, ಮನೆಯಲ್ಲಿಯೇ ಉಳಿದವರ ಕುರಿತು.

ಬದ್ರ್ ಯುದ್ಧದ ಕಥೆಯನ್ನು ಪ್ರತಿ ರಮಝಾನ್‌ನ ಹದಿನೇಳರಂದು ಕೇಳುತ್ತೇವೆ. 313 ಮಂದಿ ಸಹಾಬಿಗಳ ಸಂಖ್ಯೆ ನಮ್ಮ ಮಕ್ಕಳಿಗೂ ಬಾಯಿಪಾಠ. ಆದರೆ ಆ ರಣರಂಗಕ್ಕೆ ಕಾಲಿಡದೆಯೇ ಬದ್ರ್‌ನ ಪಾಲನ್ನು ಪಡೆದ ಒಬ್ಬರಿದ್ದರು ಎಂಬುದನ್ನು ನಮ್ಮ ಪ್ರವಚನಕಾರರು ಅಪರೂಪಕ್ಕೆ ಹೇಳುತ್ತಾರೆ. ಅವರು ಹ. ಉಸ್ಮಾನ್(ರ). ಅವರ ಪತ್ನಿ, ಪ್ರವಾದಿವರ್ಯರ(ಸ) ಪುತ್ರಿ ಹ. ರುಕಯ್ಯಾ(ರ) ಕಾಯಿಲೆ ಬಿದ್ದಿದ್ದರು. ಅವರನ್ನು ನೋಡಿಕೊಳ್ಳಲು ಮದೀನಾದಲ್ಲಿಯೇ ಉಳಿಯುವಂತೆ ಪ್ರವಾದಿವರ್ಯರು(ಸ) ಉಸ್ಮಾನ್‌ರಿಗೆ ಅಪ್ಪಣೆ ಮಾಡಿದರು. ವಿಜಯದ ವಾರ್ತೆ ಮದೀನಾ ತಲಪಿದಾಗ ರುಕಯ್ಯಾರ ದಫನ ಕಾರ್ಯ ನಡೆದಿತ್ತು. ಹಾಗಿದ್ದೂ ಯುದ್ಧದಲ್ಲಿ ಭಾಗವಹಿಸಿದವರಿಗೆ ದೊರೆತ ಪಾಲೂ ಪ್ರತಿಫಲವೂ ಉಸ್ಮಾನ್‌ರಿಗೆ ದೊರೆಯಿತು. ಗಮನಿಸಬೇಕು, ಮಂಚದ ಪಕ್ಕ ಕುಳಿತವರು ಇಲ್ಲಿ ಪುರುಷರು, ಶ್ರೀಮಂತ ವ್ಯಾಪಾರಿಗಳು, ಮುಂದೆ ಖಲೀಫರಾದವರು. ಹೆಂಡತಿಯ ಶುಶ್ರೂಷೆ ಅವರ ಘನತೆಗೆ ಕುಂದಾಗಲಿಲ್ಲ.

ರೋಗಿಯನ್ನು ನೋಡಿಕೊಳ್ಳುವವರಿಗೆ ಉರ್ದುವಿನಲ್ಲಿ ‘ತೀಮಾರ್‌ದಾರ್’ ಎಂಬ ಚಂದದ ಪದವಿದೆ. ಕನ್ನಡದ ‘ಆರೈಕೆದಾರ’ ಎಂಬುದು ಸರಕಾರಿ ಕಾಗದಗಳಲ್ಲಿ ಮಾತ್ರ ಕಾಣುವ ಪದ. ಮನೆಗಳಲ್ಲಿ ಅದಕ್ಕೆ ಹೆಸರೇ ಇಲ್ಲ, ಏಕೆಂದರೆ ಅದನ್ನು ಒಂದು ಕೆಲಸವೆಂದು ಯಾರೂ ಎಣಿಸುವುದಿಲ್ಲ. ನಮ್ಮ ಸಮುದಾಯದಲ್ಲಿ ಇಯಾದತ್‌ಗೆ, ಅಂದರೆ ರೋಗಿಯನ್ನು ಕಂಡು ಬರುವುದಕ್ಕೆ, ಕೊರತೆಯಿಲ್ಲ. ಅದು ಸುನ್ನತ್. ಅಲ್‌ಹಮ್ದುಲಿಲ್ಲಾಹ್, ಜನ ಬರುತ್ತಾರೆ. ಬಿಸ್ಕತ್ತಿನ ಪೊಟ್ಟಣ, ನಾಲ್ಕು ಸೇಬು ತರುತ್ತಾರೆ. ಗಂಟೆಗಟ್ಟಲೆ ಕೂರುತ್ತಾರೆ. ಒಬ್ಬರು ಲಿಂಬೆಹಣ್ಣು ಕೊಡಬೇಡಿ ಎನ್ನುತ್ತಾರೆ, ಇನ್ನೊಬ್ಬರು ಲಿಂಬೆಹಣ್ಣೊಂದೇ ಮದ್ದು ಎನ್ನುತ್ತಾರೆ. ಇತ್ತೀಚೆಗೆ ಮೊಬೈಲಿನಲ್ಲಿ ಬಂದ ವೀಡಿಯೋವನ್ನು ರೋಗಿಯ ಮುಖದ ಮುಂದೆಯೇ ಹಿಡಿದು ತೋರಿಸುವವರೂ ಇದ್ದಾರೆ. ರಾತ್ರಿಯಿಡೀ ಎಚ್ಚರವಿದ್ದ ತೀಮಾರ್‌ದಾರಳು ಇವರಿಗೆಲ್ಲ ಚಹಾ ಮಾಡಿ ಕೊಡುತ್ತಾಳೆ. ಇಯಾದತ್ ಸಂಕ್ಷಿಪ್ತವಾಗಿರಬೇಕೆಂಬುದೂ ಅದರ ಅದಬ್‌ಗಳಲ್ಲಿ ಸೇರಿದೆಯೆಂಬುದನ್ನು ನಾವು ಅನುಕೂಲಕರವಾಗಿ ಮರೆತಿದ್ದೇವೆ.

ಈ ವಿಷಯವನ್ನು ನಾವು ಪುಸ್ತಕದಿಂದ ಕಲಿತು ಬಂದಿಲ್ಲ. ಮನೆಯಿಂದ ಕಲಿತೆವು, ಬಹಳ ತಡವಾಗಿ ಕಲಿತೆವು. ಅದನ್ನು ಹೇಳದೆ ಮುಂದುವರಿಯುವುದು ಸರಿಯಲ್ಲವೆನಿಸುತ್ತದೆ.

ಕೆಲವು ವರ್ಷಗಳ ಹಿಂದೆ ನಮ್ಮ ತಂದೆಯವರಿಗೆ ಪಾರ್ಶ್ವವಾಯು ಹೊಡೆಯಿತು. ದೂರದ ಒಂದು ಆಸ್ಪತ್ರೆಯಲ್ಲಿ ಒಂಬತ್ತು ದಿನವಿಟ್ಟು, ಪ್ರಾಣಾಪಾಯ ಕಳೆಯಿತೆಂದು ಮನೆಗೆ ಕಳುಹಿಸಿದರು. ಬಿಡುಗಡೆಯ ದಿನ ಹೇಗಿರುತ್ತದೆಂಬುದು ನಿಮಗೆಲ್ಲ ಗೊತ್ತು. ಬಿಲ್ಲಿನ ಕೌಂಟರಿನಲ್ಲಿ ಒಬ್ಬರು, ಔಷಧಿಯ ಅಂಗಡಿಯಲ್ಲಿ ಇನ್ನೊಬ್ಬರು, ಹೊರಗೆ ಹಾರ್ನ್ ಬಾರಿಸುತ್ತಿರುವ ಗಾಡಿಯವನು. ಆ ಗದ್ದಲದ ನಡುವೆ ಮೂರು ಹಾಳೆಯ ಡಿಸ್ಚಾರ್ಜ್ ಕಾಗದವನ್ನು ಕೈಗಿತ್ತು, ಮಾತ್ರೆಗಳನ್ನು ಬೆಳಗ್ಗೆ, ರಾತ್ರಿ ಎಂದು ಬೆರಳು ಮಡಚಿ ಹೇಳಿದರು. ಅಷ್ಟೇ. ಮನೆಗೆ ಬಂದೆವು. ಅಬ್ಬಾ ಮಲಗಿದಲ್ಲಿಯೇ ಅಮ್ಮಿ ತೆಳ್ಳಗಿನ ಗಂಜಿ ಕುಡಿಸಿದರು. ಎಳನೀರು ಕೊಟ್ಟೆವು. ಹಜ್ಜ್‌ನಿಂದ ಮರಳಿದ್ದ ಬಂಧುವೊಬ್ಬರು ತಂದ ಝಮ್‌ಝಮ್ ನೀರನ್ನು ನಾವೇ ಚಮಚದಲ್ಲಿ ಬಾಯಿಗೆ ಬಿಟ್ಟೆವು. ಪ್ರತಿ ಸಲವೂ ಅವರು ಕೆಮ್ಮುತ್ತಿದ್ದರು. ಗಂಟಲು ಒಣಗಿದೆಯೆಂದು ನಾವು ಇನ್ನೊಂದು ಚಮಚ ಕೊಡುತ್ತಿದ್ದೆವು.

ಹನ್ನೊಂದನೆಯ ದಿನ ಜ್ವರ, ಏದುಸಿರು. ಮತ್ತೆ ಆಸ್ಪತ್ರೆ. ಅಲ್ಲಿ ಒಬ್ಬ ತರುಣ ವೈದ್ಯರು ಹಳೆಯ ಕಾಗದವನ್ನು ಓದಿ, ಎರಡನೆಯ ಹಾಳೆಯ ಕೆಳಭಾಗದಲ್ಲಿದ್ದ ಎರಡು ಪದಗಳ ಮೇಲೆ ಬೆರಳಿಟ್ಟು, ಇದನ್ನು ಪಾಲಿಸಲಿಲ್ಲವೇ ಎಂದು ಕೇಳಿದರು. ‘ಆ್ಯಸ್ಪಿರೇಷನ್ ಪ್ರಿಕಾಷನ್ಸ್’ ಎಂದು ಅಲ್ಲಿ ಬರೆದಿತ್ತು. ಪಾರ್ಶ್ವವಾಯು ಹೊಡೆದವರಲ್ಲಿ ನುಂಗುವ ಶಕ್ತಿ ಕುಂದಿರುತ್ತದೆ. ಮಲಗಿಸಿ ಕುಡಿಸಿದ್ದು, ಅದರಲ್ಲೂ ನೀರಿನಂತೆ ತೆಳುವಾದುದು, ಅನ್ನನಾಳಕ್ಕೆ ಹೋಗದೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಆ ಎರಡು ಪದಗಳ ಅರ್ಥ ಅದಾಗಿತ್ತು. ನಾವು ಮದ್ರಸದಲ್ಲಿ ಅರಬಿಯ ಕಠಿಣ ಗ್ರಂಥಗಳನ್ನು ಓದಿದವರು, ಕಾಲೇಜಿನಲ್ಲಿ ಬಿ.ಎ. ಪದವಿ ಪಡೆದವರು, ಪತ್ರಿಕೆಯಲ್ಲಿ ಬರೆದು ಬದುಕುವವರು. ಆ ಅಕ್ಷರಗಳನ್ನು ನಾವು ಓದಿದ್ದೆವು. ಅರ್ಥವಾಗಿರಲಿಲ್ಲ, ಕೇಳಲೂ ಇಲ್ಲ. ಅಬ್ಬಾ ಆ ಸಲ ಮನೆಗೆ ಮರಳಲಿಲ್ಲ.

ಜನ ಬಂದು, ಆಯುಷ್ಯ ಅಷ್ಟೇ ಇತ್ತು, ಅಲ್ಲಾಹನ ಇಚ್ಛೆ ಎಂದು ಸಾಂತ್ವನ ಹೇಳಿದರು. ನಿಜ, ಇನ್ನಾ ಲಿಲ್ಲಾಹಿ. ವಿಧಿಯಲ್ಲಿ ನಮಗೆ ಪೂರ್ಣ ವಿಶ್ವಾಸವಿದೆ. ಆದರೆ ಒಂಟೆಯನ್ನು ಕಟ್ಟದೆ ಬಿಟ್ಟು ತವಕ್ಕುಲ್‌ನ ಮಾತಾಡಲು ಹೊರಟವನಿಗೆ, ಮೊದಲು ಕಟ್ಟಿ ಆಮೇಲೆ ಭರವಸೆಯಿಡಲು ಕಲಿಸಿದ ಧರ್ಮ ನಮ್ಮದು. ಒಂಟೆಯನ್ನು ಕಟ್ಟಬೇಕೆಂಬ ಮನಸ್ಸು ನಮಗಿತ್ತು, ಹಗ್ಗ ಎಲ್ಲಿದೆಯೆಂದು ಯಾರೂ ಹೇಳಿರಲಿಲ್ಲ.

ಇಲ್ಲಿ ಆಸ್ಪತ್ರೆಯವರನ್ನಷ್ಟೇ ದೂರುವುದು ಸುಲಭ. ಒಬ್ಬ ದಾದಿಗೆ ಎಷ್ಟು ಮಂಚಗಳ ಜವಾಬ್ದಾರಿಯೆಂದು ಸರಕಾರಿ ವಾರ್ಡಿನಲ್ಲಿ ಒಂದು ರಾತ್ರಿ ಕಳೆದವರಿಗೆಲ್ಲ ತಿಳಿದಿದೆ. ಆದರೆ ದೋಷ ನಮ್ಮ ಮನೆಗಳ ರಚನೆಯಲ್ಲಿಯೂ ಇದೆ. ಸ್ವಲ್ಪ ಯೋಚಿಸಿರಿ. ವೈದ್ಯರ ಕೋಣೆಗೆ ಹೋಗುವವರು ಯಾರು? ಮಗ, ಅಳಿಯ, ಅಥವಾ ಊರಿನ ಪರಿಚಯಸ್ಥ ಪುಢಾರಿ. ಔಷಧಿ ಕೊಡುವವರು, ಮಗ್ಗುಲು ಬದಲಾಯಿಸುವವರು, ಮಲಮೂತ್ರ ತೆಗೆಯುವವರು ಯಾರು? ಹೆಂಡತಿ, ಮಗಳು, ಸೊಸೆ. ಕೇಳಿಸಿಕೊಂಡವನು ಮಾಡುವುದಿಲ್ಲ, ಮಾಡುವವಳು ಕೇಳಿಸಿಕೊಂಡಿಲ್ಲ. ವೈದ್ಯರು ಇಂಗ್ಲಿಷಿನಲ್ಲಿ ಬರೆದದ್ದನ್ನು ದಾದಿ ಕನ್ನಡದಲ್ಲಿ ಹೇಳುತ್ತಾಳೆ. ಮಗ ಅದನ್ನು ಮನೆಗೆ ಬಂದು ದಖನಿಯಲ್ಲಿ ಹೇಳುತ್ತಾನೆ. ಹುಬ್ಬಳ್ಳಿಯಿಂದ ಹಾವೇರಿಗೆ 70-80 ಕಿ.ಮೀ. ದಾರಿ, ಅಲ್ಲಿಂದ ಇನ್ನೊಂದು ಗಾಡಿ, ನಡುವೆ ಊರವರ ಹತ್ತು ಫೋನು. ಮನೆಯ ಹೊಸ್ತಿಲು ದಾಟುವಷ್ಟರಲ್ಲಿ ಹತ್ತು ಮಾತುಗಳಲ್ಲಿ ಎರಡು ಉಳಿದಿದ್ದರೆ ಅದೇ ದೊಡ್ಡದು. ದೇಶದ ಅಂಕಿಅಂಶ ಕಚೇರಿಯು 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಮಂದಿಯ ಆರೈಕೆಯಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 134 ನಿಮಿಷಗಳನ್ನು ಸಂಬಳವಿಲ್ಲದೆ ಅದರಲ್ಲಿ ಕಳೆಯುತ್ತಿದ್ದರು. ಗಂಡಸರು 76 ನಿಮಿಷ. ಇದರಲ್ಲಿ ಮಕ್ಕಳ ಪಾಲನೆಯೂ ಸೇರಿದೆ. ಹಾಸಿಗೆ ಹಿಡಿದ ರೋಗಿಯಿರುವ ಮನೆಯಲ್ಲಿ ಹೆಂಗಸರ ದಿನಕ್ಕೆ ನಿಮಿಷಗಳ ಲೆಕ್ಕವಿರುವುದಿಲ್ಲ. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸಲು ಹೋಗುವ ತಾಯಂದಿರಿಗೆ, ಮನೆಯಲ್ಲಿ ಒಬ್ಬರು ಮಲಗಿದರೆಂದರೆ ಆ ದಿನದ ಕೂಲಿಯೂ ಹೋಯಿತು.

ಆದ್ದರಿಂದ ನಮ್ಮ ಮೊದಲನೆಯ ವಿನಂತಿ ಇಷ್ಟೇ: ಬಿಡುಗಡೆಯ ದಿನ ರೋಗಿಯನ್ನು ನಿಜವಾಗಿ ನೋಡಿಕೊಳ್ಳುವ ಹೆಂಗಸು ವೈದ್ಯರ ಎದುರಿಗಿರಬೇಕು. ಪರದೆಯ ನೆಪ ಹೇಳಬೇಡಿರಿ. ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆಝ್‌ರನ್ನು(ರ) ಮಸೀದಿಯ ಬಳಿ ರುಫೈದಾ(ರ) ಎಂಬ ಮಹಿಳೆಯ ಡೇರೆಯಲ್ಲಿ ಇರಿಸಿದ ಚರಿತ್ರೆ ನಮ್ಮದು. ಗಾಯಾಳುಗಳ ಶುಶ್ರೂಷೆಯನ್ನು ಬಲ್ಲ ಮಹಿಳೆಗೆ ಮದೀನಾದ ಮಸೀದಿಯ ಅಂಗಳದಲ್ಲಿ ಜಾಗವಿತ್ತು. ನಮ್ಮ ಮನೆಯ ಹೆಂಗಸಿಗೆ ವೈದ್ಯರ ಕೋಣೆಯಲ್ಲಿ ಒಂದು ಕುರ್ಚಿಯೂ ಇಲ್ಲವೇ?

ಕಾಗದವನ್ನು ಕೈಗೆ ತೆಗೆದುಕೊಂಡ ಮೇಲೆ, ಮಾತ್ರೆಯ ಪ್ರಶ್ನೆಗಿಂತ ಮುಂಚೆ ಬೇರೆ ಪ್ರಶ್ನೆಗಳನ್ನು ಕೇಳಬೇಕು. ಇವರಿಗೆ ನುಂಗಲು ಆಗುತ್ತದೆಯೇ, ಯಾವ ಹದದ ಆಹಾರ ಕೊಡಬೇಕು? ಯಾವ ಲಕ್ಷಣ ಕಂಡರೆ ಆ ಕ್ಷಣವೇ ಕರೆತರಬೇಕು? ಯಾವ ಮಾತ್ರೆಯನ್ನು ಯಾವ ಕಾರಣಕ್ಕೂ ನಿಲ್ಲಿಸಬಾರದು? ರಾತ್ರಿ ಹನ್ನೆರಡಕ್ಕೆ ಸಂಶಯ ಬಂದರೆ ಯಾವ ನಂಬರಿಗೆ ಫೋನು ಮಾಡಬೇಕು? ಉತ್ತರವನ್ನು ನೆನಪಿಗೆ ಬಿಡದೆ ಅಲ್ಲಿಯೇ ಕನ್ನಡದಲ್ಲಿಯೋ ಉರ್ದುವಿನಲ್ಲಿಯೋ, ಔಷಧಿ ಕೊಡುವವಳಿಗೆ ಯಾವ ಲಿಪಿ ಬರುತ್ತದೆಯೋ ಅದರಲ್ಲಿ ಬರೆದುಕೊಳ್ಳಬೇಕು. ಅಕ್ಷರವೇ ಬಾರದವರ ಮನೆಯಲ್ಲಿ ಬೆಳಗಿನ ಮಾತ್ರೆಗೆ ಸೂರ್ಯನ ಚಿತ್ರ, ರಾತ್ರಿಯದಕ್ಕೆ ಚಂದ್ರನ ಚಿತ್ರ ಅಂಟಿಸಿದ್ದನ್ನು ನಾವು ಕಂಡಿದ್ದೇವೆ. ಮೊಮ್ಮಗಳೊಬ್ಬಳ ಬುದ್ಧಿ ಅದು. ನಮ್ಮ ಪದವಿಗಿಂತ ಹೆಚ್ಚು ಕೆಲಸಕ್ಕೆ ಬಂದ ಬುದ್ಧಿ.

ಕೆಲವು ಸಂಗತಿಗಳನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಇವು ವೈದ್ಯರ ಮಾತಿಗೆ ಬದಲಿಯಲ್ಲ, ಆದರೆ ಪ್ರತಿ ಮನೆಯಲ್ಲಿ ಗೊತ್ತಿರಬೇಕಾದವು. ನುಂಗಲು ಕಷ್ಟಪಡುವವರಿಗೆ ಮಲಗಿಸಿ ಏನನ್ನೂ ಕೊಡಕೂಡದು. ನೆಟ್ಟಗೆ ಕೂರಿಸಿ, ಗದ್ದವನ್ನು ತುಸು ಕೆಳಗೆ ಬಾಗಿಸಿ, ಚಿಕ್ಕ ಚಮಚದಲ್ಲಿ ಕೊಡಬೇಕು. ಒಂದು ತುತ್ತು ಇಳಿದ ಮೇಲೆ ಇನ್ನೊಂದು. ಊಟದ ನಂತರ ಅರ್ಧ ಗಂಟೆ ಕೂತೇ ಇರಲಿ. ಕೆಮ್ಮು ಬಂದರೆ, ದನಿ ಗೊರಗೊರ ಎಂದರೆ, ಅಲ್ಲಿಗೇ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸದಿದ್ದರೆ ಸೊಂಟದ ಕೆಳಗೆ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ಮೊದಲು ಕಾಣುವುದು ಒಂದು ಕೆಂಪು ಕಲೆಯಷ್ಟೇ. ಅದನ್ನು ಎಣ್ಣೆ ಹಚ್ಚಿ ತಿಕ್ಕುವ ರೂಢಿ ನಮ್ಮಲ್ಲಿದೆ. ತಿಕ್ಕಿದಷ್ಟೂ ಒಳಗಿನ ಮಾಂಸ ಕೆಡುತ್ತದೆ. ಗಾಳಿ ಹಾಸಿಗೆ ತಂದೆವೆಂದು ಮಗ್ಗುಲು ಬದಲಾಯಿಸುವುದನ್ನು ಬಿಡುವಂತಿಲ್ಲ. ಮೂತ್ರದ ನಳಿಕೆ ಹಾಕಿದ್ದರೆ ಅದರ ಚೀಲ ಸದಾ ಸೊಂಟಕ್ಕಿಂತ ಕೆಳಗಿರಬೇಕು, ನೆಲಕ್ಕೆ ತಾಗಬಾರದು. ರೋಗಿಯನ್ನು ಎತ್ತುವಾಗ ಚೀಲವನ್ನು ಹೊಟ್ಟೆಯ ಮೇಲಿಡುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇವೆ.

ಸಕ್ಕರೆ ಕಾಯಿಲೆಯವರು ಬೆವೆತು, ನಡುಗಿ, ತಡಬಡಿಸಿ ಮಾತಾಡಿದರೆ ಸಕ್ಕರೆ ಇಳಿದಿರಬಹುದು. ಎಚ್ಚರವಿದ್ದರೆ ಒಡನೆಯೇ ಸಕ್ಕರೆ ಕೊಡಿರಿ, ಎಚ್ಚರವಿಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ. ಮೂರ್ಛೆರೋಗ ಬಂದವರ ಕೈಗೆ ಕಬ್ಬಿಣದ ಕೀಲಿ ಕೊಡುವುದು, ಮೂಗಿಗೆ ಚಪ್ಪಲಿ ಹಿಡಿಯುವುದು ಇನ್ನಾದರೂ ನಿಲ್ಲಬೇಕು. ಪಕ್ಕಕ್ಕೆ ಹೊರಳಿಸಿ ಮಲಗಿಸಿರಿ, ಬಾಯಿಗೆ ಏನನ್ನೂ ತುರುಕಬೇಡಿರಿ, ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಕರೆದೊಯ್ಯಿರಿ. ಇನ್ನು ಬಾಯಿ ಸೊಟ್ಟಗಾಗಿ, ಒಂದು ಕೈ ಬಿದ್ದು, ಮಾತು ತೊದಲಿದರೆ ಮೊದಲು ಗಡಿಯಾರ ನೋಡಿಕೊಳ್ಳಿರಿ. ಮೆದುಳಿನ ರಕ್ತದ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಮಾತ್ರ ಕೊಡಲಾಗುತ್ತದೆ. ತಲೆಯ ಸ್ಕ್ಯಾನ್ ಮಾಡದೆ ಕೊಡುವಂತೆಯೂ ಇಲ್ಲ. ಸ್ಕ್ಯಾನ್ ಎಲ್ಲಿದೆಯೆಂದು ಇಂದೇ ವಿಚಾರಿಸಿಟ್ಟುಕೊಳ್ಳಬೇಕು. ತಾವೀಝ್ ಕಟ್ಟಿಸಿಕೊಂಡು, ನಾಟಿ ಎಣ್ಣೆ ಹಚ್ಚಿಸಿಕೊಂಡು ಮರುದಿನ ಹೋದರೆ ಆ ಬಾಗಿಲು ಮುಚ್ಚಿರುತ್ತದೆ.

ತೀಮಾರ್‌ದಾರರು ಕೇಳುವ ಇನ್ನೊಂದು ಬಗೆಯ ಪ್ರಶ್ನೆಗಳಿವೆ, ಅವನ್ನು ವೈದ್ಯರಲ್ಲಿ ಕೇಳಲಾಗುವುದಿಲ್ಲ. ನಳಿಕೆ ಹಾಕಿದ ತಾಯಿ ನಮಾಝ್ ಮಾಡಬಹುದೇ? ಅವರ ಬಟ್ಟೆ ಪದೇಪದೇ ಒದ್ದೆಯಾದರೆ ಏನು ಮಾಡಬೇಕು? ಪ್ರವಾದಿವರ್ಯರ(ಸ) ಕಾಲದಲ್ಲಿ ಪ್ರಯಾಣದ ವೇಳೆ ಒಬ್ಬರ ತಲೆಗೆ ಗಾಯವಾಯಿತು. ಅವರಿಗೆ ಸ್ನಾನ ಕಡ್ಡಾಯವಾಯಿತು. ತಯಮ್ಮುಮ್ ಸಾಕೇ ಎಂದು ಜೊತೆಗಿದ್ದವರನ್ನು ಕೇಳಿದರು. ನೀರಿರುವಾಗ ಸಾಲದು ಎಂದರು ಅವರು. ಗಾಯದ ತಲೆಗೆ ನೀರು ಹೊಯ್ದುಕೊಂಡು ಆ ವ್ಯಕ್ತಿ ತೀರಿಕೊಂಡರು. ಇದನ್ನು ಕೇಳಿದ ಪ್ರವಾದಿವರ್ಯರು(ಸ) ಕಠೋರವಾಗಿ ಖಂಡಿಸಿ, ಆ ಸಾವಿನ ಹೊಣೆಯನ್ನು ಹಾಗೆ ಹೇಳಿದವರ ಮೇಲೆಯೇ ಹೊರಿಸಿದರು. ತಿಳಿಯದಿದ್ದಾಗ ಕೇಳಬೇಕಿತ್ತೆಂದು ತಿಳಿಸಿದರು. ಅಬೂದಾವೂದ್‌ನಲ್ಲಿ ಬಂದಿರುವ ಈ ಘಟನೆಯನ್ನು ನಾವು ವಿದ್ಯಾರ್ಥಿ ದೆಸೆಯಲ್ಲಿ ತಯಮ್ಮುಮ್‌ನ ಅಧ್ಯಾಯದಲ್ಲಿ ಓದಿ ಮುಂದೆ ಹೋಗಿದ್ದೆವು. ಅದು ತೀಮಾರ್‌ದಾರಿಯ ಅಧ್ಯಾಯವೂ ಹೌದೆಂದು ಅಬ್ಬಾರ ನಂತರ ಅರಿವಾಯಿತು.

ಕೂರಲಾರದವರು ಮಲಗಿ, ತಲೆಯ ಸನ್ನೆಯಿಂದ ನಮಾಝ್ ನಿರ್ವಹಿಸಬಹುದು. ಮೂತ್ರ ನಿಲ್ಲದವರನ್ನು ಹನಫೀ ಫಿಕ್‌ಹ್ ಮಅಝೂರ್ ಎಂದು ಕರೆದು, ಒಂದು ವೇಳೆಯ ನಮಾಝ್‌ಗೆ ಒಂದು ವುಝೂ ಸಾಕೆನ್ನುತ್ತದೆ. ಬೆರಳು ಚುಚ್ಚಿ ಸಕ್ಕರೆ ನೋಡುವುದರಿಂದ, ಇನ್ಸುಲಿನ್ ಚುಚ್ಚುವುದರಿಂದ ಉಪವಾಸ ಮುರಿಯುವುದಿಲ್ಲವೆಂಬುದು ಇಂದಿನ ಬಹುತೇಕ ಉಲಮಾಗಳ ಅಭಿಪ್ರಾಯ. ಗುಣವಾಗುವ ನಿರೀಕ್ಷೆಯಿಲ್ಲದ ರೋಗಿಗೆ ಫಿದ್ಯಾ ಇದೆ. ಬಿಟ್ಟು ಹೋದರೆ ರೋಗಿಗೆ ಅಪಾಯವೆಂದಿದ್ದಲ್ಲಿ, ಅವರನ್ನು ನೋಡಿಕೊಳ್ಳುವವನಿಗೆ ಜುಮಾದ ಕಡ್ಡಾಯವೂ ಇಲ್ಲ. ಈ ಮಸ್‌ಅಲಾಗಳನ್ನು ಮಿಂಬರ್‌ನಿಂದ ವರ್ಷಕ್ಕೊಮ್ಮೆಯಾದರೂ ಹೇಳಿದ್ದಿದ್ದರೆ, ನಮಾಝ್ ತಪ್ಪಿತೆಂದು ಕಣ್ಣೀರಿಡುತ್ತಾ ಪ್ರಾಣಬಿಟ್ಟ ಎಷ್ಟೋ ವೃದ್ಧರ ಕೊನೆಯ ದಿನಗಳು ನೆಮ್ಮದಿಯಿಂದ ಕಳೆಯುತ್ತಿದ್ದವು. ಇಮಾಮ್ ಸಾಹೇಬರು ಕ್ಷಮಿಸಬೇಕು, ನಮ್ಮ ಪ್ರವಚನಗಳಲ್ಲಿ ಕಬರ್‌ನ ಶಿಕ್ಷೆಗೆ ಸಿಗುವ ಸಮಯ ಕಬರ್‌ಗಿಂತ ಹಿಂದಿನ ಮಂಚಕ್ಕೆ ಸಿಗುತ್ತಿಲ್ಲ.

ಮನಸ್ಸಿನ ಕಾಯಿಲೆಯ ವಿಷಯವನ್ನು ಈ ಸಭೆಯಲ್ಲಿ ಎತ್ತಬೇಕೋ ಬೇಡವೋ ಎಂದು ಹಿರಿಯರೊಬ್ಬರು ಬೆಳಗ್ಗೆ ಸಂಕೋಚಪಟ್ಟರು. ಎತ್ತಲೇಬೇಕು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಸಮೀಪದ ಖಾಸಗಿ ಆಶ್ರಯ ಮನೆಯೊಂದಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಬಂಧಿತರಾಗಿದ್ದ 28 ಮಾನಸಿಕ ರೋಗಿಗಳು ಓಡಲಾರದೆ ಸುಟ್ಟು ಸತ್ತರು. ಅವರನ್ನು ಅಲ್ಲಿಗೆ ಕರೆತಂದ ತಾಯಿತಂದೆಗಳಲ್ಲಿ ಎಷ್ಟೋ ಮಂದಿ ಕ್ರೂರಿಗಳಾಗಿರಲಿಲ್ಲ. ಬೇರೆ ದಾರಿಯಿದೆಯೆಂದು ಅವರಿಗೆ ಯಾರೂ ಹೇಳಿರಲಿಲ್ಲ. ನಮಗೆ ಧಾರವಾಡದ ಡಿಮ್ಹಾನ್ಸ್ ಎಷ್ಟು ದೂರ? ಆದರೂ ಅಸರ್ ಆಗಿದೆಯೆಂದು ವರ್ಷಗಟ್ಟಲೆ ಊರೂರು ಸುತ್ತಿಸಿ, ಕೊನೆಗೆ ಕೈಸೋತಾಗ ಅಲ್ಲಿಗೆ ಹೋಗುತ್ತೇವೆ. ಜಿನ್ನ್‌ಗಳ ಅಸ್ತಿತ್ವದಲ್ಲಿ ವಿಶ್ವಾಸವಿಡುವುದು ಬೇರೆ, ಪ್ರತಿಯೊಂದು ಕಾಯಿಲೆಗೂ ಜಿನ್ನ್‌ನ ಹೆಸರಿಡುವುದು ಬೇರೆ. ವಯಸ್ಸಾದ ತಾಯಿ ಉಂಡದ್ದನ್ನು ಮರೆತು, ಸೊಸೆ ಊಟವನ್ನೇ ಹಾಕುವುದಿಲ್ಲವೆಂದು ಬಂದವರೆದುರು ದೂರಿದಾಗ ಮನೆ ಒಡೆದದ್ದುಂಟು. ಅದು ಮರೆವಿನ ಕಾಯಿಲೆಯೆಂದು ತಿಳಿದಿದ್ದರೆ ಒಡೆಯುತ್ತಿರಲಿಲ್ಲ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವೊಂದು ದೇಶದ 60 ದಾಟಿದವರಲ್ಲಿ 100ಕ್ಕೆ 7.4ರಷ್ಟು ಮಂದಿಗೆ ಡಿಮೆನ್ಷಿಯಾ ಇದೆಯೆಂದು ಅಂದಾಜಿಸಿದೆ. ಅಂಥವರೊಡನೆ ವಾದಿಸಿ ಫಲವಿಲ್ಲ. ‘ಬನ್ನಿ ಅಮ್ಮಿ, ಊಟ ಮಾಡೋಣ’ ಎಂದರೆ ಮುಗಿಯಿತು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ, ನಂಬರ್ 14416, ಕನ್ನಡದಲ್ಲಿಯೂ ಉತ್ತರಿಸುತ್ತದೆ. ರೋಗಿ ಮಾತ್ರವಲ್ಲ, ನೋಡಿಕೊಂಡು ದಣಿದವರೂ ಕರೆ ಮಾಡಬಹುದು.

ಸರಕಾರದ ಮಾತಿಗೆ ಬರೋಣ. 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯು ಆರೈಕೆದಾರ ಎಂದರೆ ಯಾರೆಂದು ವ್ಯಾಖ್ಯಾನಿಸಿದೆ. ಸಂಬಳ ಪಡೆದೋ ಪಡೆಯದೆಯೋ ಆರೈಕೆ ಮಾಡುವ ತಾಯಿತಂದೆ ಮತ್ತು ಕುಟುಂಬದವರೂ ಅದರಲ್ಲಿ ಸೇರಿದ್ದಾರೆ. ಹೆಚ್ಚಿನ ನೆರವು ಬೇಕಾದವರ ಆರೈಕೆಗೆ ಭತ್ಯೆಯ ಪ್ರಸ್ತಾಪವೂ ಅದರಲ್ಲಿದೆ. ಆ ಕಾಯ್ದೆಯ ಪಟ್ಟಿಯಲ್ಲಿ 21 ಬಗೆಯ ವೈಕಲ್ಯಗಳಿವೆ. ಪಾರ್ಕಿನ್ಸನ್, ಥಲಸೀಮಿಯಾ, ದೀರ್ಘಕಾಲದ ಮಾನಸಿಕ ಕಾಯಿಲೆ ಇವೆಲ್ಲ ಅದರಲ್ಲಿವೆ. ಕೈಕಾಲು ಊನವಿದ್ದರೆ ಮಾತ್ರ ಕಾರ್ಡು ಸಿಗುತ್ತದೆಂಬ ನಂಬಿಕೆ ತಪ್ಪು. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಆರೈಕೆದಾರರಿಗೆ ತಿಂಗಳಿಗೆ 1,000 ರೂ. ಕೊಡುವುದಾಗಿ 2024-25ರ ರಾಜ್ಯ ಬಜೆಟ್‌ನಲ್ಲಿ ಘೋಷಿಸಲಾಯಿತು. ಸಾವಿರ ರೂಪಾಯಿ ಒಂದು ತಿಂಗಳ ಡೈಪರಿಗೂ ಸಾಲದೆಂಬುದು ಬೇರೆ ಮಾತು. ಆದರೆ ಈ ಸಭೆಯಲ್ಲಿ ಈ ಘೋಷಣೆಯನ್ನು ಮೊದಲೇ ಕೇಳಿದ್ದವರು ಕೈಯೆತ್ತಿರಿ ಎಂದರೆ ಎಷ್ಟು ಕೈಗಳು ಏಳುತ್ತವೆ? ಯೋಜನೆಯನ್ನು ಪತ್ರಿಕಾಗೋಷ್ಠಿಯಲ್ಲಿ ಹೇಳಿ, ಅರ್ಜಿಯನ್ನು ಕಚೇರಿಯ ಕಪಾಟಿನಲ್ಲಿಡುವುದು ಎಲ್ಲ ಪಕ್ಷಗಳ ಸರಕಾರಗಳೂ ಪಾಲಿಸಿಕೊಂಡು ಬಂದ ಸಂಪ್ರದಾಯ. ಗ್ರಾಮ ಪಂಚಾಯತ್‌ಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುವುದು ಇದಕ್ಕಾಗಿಯೇ. ಅವರನ್ನು ಹುಡುಕಿ ಹೋಗಬೇಕು. ಆಸ್ಪತ್ರೆಯ ದಾಖಲೆಗಳ ಪ್ರತಿ ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕೆಂದು 2002ರ ವೈದ್ಯಕೀಯ ನೀತಿ ನಿಯಮಾವಳಿ ಹೇಳುತ್ತದೆ. ಹಿರಿಯ ನಾಗರಿಕರಿಗಾಗಿ 14567 ಎಂಬ ಸಹಾಯವಾಣಿಯಿದೆ.

ವೈದ್ಯರು ಔಷಧಿಯ ಚೀಟಿಯನ್ನು ಕನ್ನಡದಲ್ಲಿ ಬರೆಯಬೇಕೆಂದು 2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರ ಸರಕಾರವನ್ನು ಕೇಳಿಕೊಂಡಿತು, ಕೆಲವು ವೈದ್ಯರು ಬರೆದೂ ತೋರಿಸಿದರು. ಸ್ವಾಗತಾರ್ಹ. ಆದರೆ ಮಾತ್ರೆಯ ಹೆಸರು ಯಾವ ಲಿಪಿಯಲ್ಲಿದ್ದರೂ ಅಂಗಡಿಯವನು ಓದಿಕೊಳ್ಳುತ್ತಾನೆ. ಕನ್ನಡದಲ್ಲಿ ಬೇಕಾಗಿರುವುದು ಡಿಸ್ಚಾರ್ಜ್ ಕಾಗದದ ಕೊನೆಯ ಹಾಳೆ. ಮನೆಯಲ್ಲಿ ಏನು ಮಾಡಬೇಕು, ಏನು ಮಾಡಬಾರದು ಎಂಬ ಹತ್ತು ಸಾಲು. ಇದಕ್ಕೆ ಕಟ್ಟಡ ಬೇಡ, ಟೆಂಡರ್ ಬೇಡ. ನಮ್ಮ ಶಾಸಕರು ಮುಂದಿನ ಸಲ ಮತ ಕೇಳಲು ಬಂದಾಗ ಶಾದಿ ಮಹಲ್‌ನ ಕಂಪೌಂಡ್ ಗೋಡೆಯ ಬದಲು ಆ ಹತ್ತು ಸಾಲನ್ನು ಕೇಳೋಣ.

ಸೊಸೆಯರ ವಿಷಯದಲ್ಲಿ ಒಂದು ಮಾತು, ಕೆಲವರಿಗೆ ರುಚಿಸಲಿಕ್ಕಿಲ್ಲ. ತಂದೆತಾಯಿಗಳು ಮುಪ್ಪಿಗೆ ತಲಪಿದಾಗ ಬೇಸರದ ಒಂದು ಉದ್ಗಾರವನ್ನೂ ತೆಗೆಯಬಾರದೆಂದು ಸೂರಃ ಬನೀ ಇಸ್ರಾಈಲ್‌ನಲ್ಲಿ ಬಂದಿರುವ ಆದೇಶ ಮಕ್ಕಳಿಗೆ. ಅತ್ತೆಮಾವಂದಿರ ಶುಶ್ರೂಷೆ ಸೊಸೆಯ ಪಾಲಿಗೆ ಪುಣ್ಯಕಾರ್ಯ, ಔದಾರ್ಯ. ಅದು ಶರೀಅತ್ ಅವಳ ಮೇಲೆ ಕಾನೂನಾಗಿ ಹೊರಿಸಿದ ಹೊಣೆಯಲ್ಲವೆಂದು ನಮ್ಮ ಅನೇಕ ಫುಕಹಾಗಳು ಸ್ಪಷ್ಟಪಡಿಸಿದ್ದಾರೆ. ಹೊಣೆ ಮಗನದು. ಅವಳು ಅದನ್ನು ಹೊತ್ತಿದ್ದಾಳೆಂದರೆ ಅವನು ಅವಳಿಗೆ ಋಣಿ. ತಂದೆಯ ಸೇವೆಯ ಸ್ವರ್ಗವನ್ನು ಹೆಂಡತಿಯ ಕೈಯಿಂದ ಸಂಪಾದಿಸಿ, ತಾನು ಅಂಗಡಿ ಕಟ್ಟೆಯಲ್ಲಿ ರಾಜಕೀಯ ಮಾತಾಡುತ್ತಾ ಕುಳಿತ ಮಗನಿಗೆ ಹ. ಉಸ್ಮಾನ್‌ರ(ರ) ಮಾದರಿಯನ್ನು ಇನ್ನೊಮ್ಮೆ ನೆನಪಿಸುತ್ತೇವೆ. ವಾರಕ್ಕೆ ಎರಡು ರಾತ್ರಿ ಅವನು ಎಚ್ಚರವಿರಲಿ. ಎರಡು ಗಂಟೆಗೊಮ್ಮೆ ಏಳುವುದೆಂದರೆ ಏನೆಂದು ತಿಳಿಯುತ್ತದೆ.

ಇದೆಲ್ಲ ನಮ್ಮಿಂದಾಗುವುದೇ ಎಂದು ಕೇಳುವವರಿಗೆ ನೆರೆಯ ಕೇರಳವನ್ನು ತೋರಿಸಬಹುದು. 1993ರಲ್ಲಿ ಕೋಝಿಕ್ಕೋಡಿನಲ್ಲಿ ನೋವು ಶಮನದ ಒಂದು ಸಣ್ಣ ಚಿಕಿತ್ಸಾಲಯ ಆರಂಭವಾಯಿತು. ಗುಣವಾಗದ ರೋಗಿಗಳನ್ನು ಮನೆಯಲ್ಲಿಯೇ ನೋಡಿಕೊಳ್ಳಲು ಊರವರಿಗೆ ತರಬೇತಿ ನೀಡುವ ಕೆಲಸ ಅಲ್ಲಿಂದ ಮಲಪ್ಪುರಂ ಜಿಲ್ಲೆಯಲ್ಲಿ ಹಬ್ಬಿತು. ಅಂಗಡಿಯವರು, ವಿದ್ಯಾರ್ಥಿಗಳು, ಗೃಹಿಣಿಯರು ಕೆಲವೇ ಗಂಟೆಗಳ ತರಬೇತಿ ಪಡೆದು ನೆರೆಮನೆಯ ರೋಗಿಯ ಬಳಿ ಕೂರತೊಡಗಿದರು. ದಾದಿಯರು ಮನೆಮನೆಗೆ ಹೋಗಿ ಹುಣ್ಣು ತೊಳೆಯುವುದನ್ನು ಮನೆಯವರಿಗೇ ಕಲಿಸಿದರು. ಖರ್ಚಿಗೆ ಜನಸಾಮಾನ್ಯರ ಸಣ್ಣ ಸಣ್ಣ ದೇಣಿಗೆಗಳೇ ಆಧಾರ. 2008ರಲ್ಲಿ ಕೇರಳ ಸರಕಾರವೇ ಇದಕ್ಕೊಂದು ನೀತಿಯನ್ನು ರೂಪಿಸಿತು. ಮಲಪ್ಪುರಂ ಮುಸ್ಲಿಮರು ಬಹುಸಂಖ್ಯಾತರಾಗಿರುವ ಜಿಲ್ಲೆ. ಆದರೆ ಆ ಸೇವೆ ಯಾವ ರೋಗಿಯ ಜಾತಿಯನ್ನೂ ಕೇಳಲಿಲ್ಲ. ಹೊಸರಿತ್ತಿಯ ಮಸೀದಿಯಲ್ಲಿ ಒಂದು ಗಾಲಿಕುರ್ಚಿ, ಒಂದು ಗಾಳಿ ಹಾಸಿಗೆ ಇಟ್ಟು, ಬೇಕಾದವರಿಗೆ ಎರವಲು ಕೊಡುವುದಾದರೆ ಅದೂ ಎಲ್ಲ ಓಣಿಗಳಿಗೆ ಹೋಗಬೇಕು. ಪಕ್ಕದ ಓಣಿಯ ಅವ್ವನಿಗಾದ ಬೆನ್ನಹುಣ್ಣಿಗೆ ಧರ್ಮವಿಲ್ಲ.

ಸಮಯ ಮೀರಿದೆ, ಅಧ್ಯಕ್ಷರು ಚೀಟಿ ಕಳುಹಿಸಿದ್ದಾರೆ. ಅಸರ್ ನಮಾಝ್‌ನ ನಂತರ ಹೆಂಗಸರ ಕಡೆಯಲ್ಲಿ ನಿವೃತ್ತ ದಾದಿಯೊಬ್ಬರು ಒಂದು ಹಾಸಿಗೆ ಹಾಸಿ, ಭಾರವಾದ ರೋಗಿಯನ್ನು ಒಬ್ಬರೇ ಹೊದಿಕೆಯ ಸಹಾಯದಿಂದ ಹೇಗೆ ಹೊರಳಿಸಬಹುದೆಂದು ಮಾಡಿ ತೋರಿಸಲಿದ್ದಾರೆ. ಗಂಡಸರಿಗೆ ಅದನ್ನೇ ಈ ವೇದಿಕೆಯ ಕೆಳಗೆ ಅವರ ಮಗ ತೋರಿಸುತ್ತಾರೆ. ರೋಗಿಯಾಗಿ ಮಲಗಲು ನಾವು ಒಪ್ಪಿಕೊಂಡಿದ್ದೇವೆ. ಮನೆಯಲ್ಲಿ ಡಿಸ್ಚಾರ್ಜ್ ಕಾಗದಗಳಿದ್ದರೆ ತನ್ನಿರಿ. ಮಗ್ರಿಬ್‌ವರೆಗೆ ಕುಳಿತು ಒಂದೊಂದನ್ನೂ ಓದಿ, ತಿಳಿಯದ ಪದಗಳನ್ನು ಆ ದಾದಿಯವರನ್ನು ಕೇಳಿ, ಹಿಂಬದಿಯಲ್ಲಿ ಕನ್ನಡದಲ್ಲಿಯೂ ಉರ್ದುವಿನಲ್ಲಿಯೂ ಬರೆದು ಕೊಡುತ್ತೇವೆ. ಎರಡನೆಯ ಹಾಳೆಯ ಕೆಳಭಾಗವನ್ನು ಮೊದಲು ನೋಡುತ್ತೇವೆ.